ಮಗ ಕಾಲೇಜ್ ಬೇಸ್‌ಬಾಲ್ ಕೋಚ್ ಆಗ್ತೀನಿ ಅಂತಾನೆ, ಈ ಲೈನಲ್ಲಿ ಬದುಕು ಆಗತ್ತಾ?

ಪ್ರಶ್ನೆ: ನಾವು ಡಲ್ಲಾಸ್ ಹತ್ರ ಇರೋದು, ಮೂಲ ತುಮಕೂರು. ಮಗ ಇಲ್ಲೇ ಹುಟ್ಟಿ ಬೆಳ್ದೋನು, ಒಂದು ಸಣ್ಣ ಡಿವಿಷನ್ ತ್ರೀ ಕಾಲೇಜಲ್ಲಿ ಕ್ಯಾಚರ್ ಆಗಿ, ಅಂದ್ರೆ ಬ್ಯಾಟರ್ ಹಿಂದೆ ಕೂತು ಬಾಲ್ ಹಿಡಿಯೋನಾಗಿ, ಆಡ್ತಾನೆ, ಇದು ಕೊನೇ ವರ್ಷ. ಡ್ರಾಫ್ಟ್ ಗೀಫ್ಟ್ (ಪ್ರೊಫೆಷನಲ್ ಟೀಮು ಆರಿಸ್ಕೊಳ್ಳೋದು) ಏನೂ ಆಗಲ್ಲ ಅಂತ ಅವನಿಗೇ ಗೊತ್ತು. ಫೈನಾನ್ಸ್ ಡಿಗ್ರಿ ಕೈಗೆ ಬರತ್ತೆ, ಆದ್ರೆ ಕಾಲೇಜ್ ಬೇಸ್‌ಬಾಲ್ ಕೋಚ್ ಆಗ್ತೀನಿ ಅಂತ ಹಠ ಹಿಡ್ದು ಕೂತಿದಾನೆ. ನಮಗೆ ಈ ಲೈನ್ ಬಗ್ಗೆ ಏನೂ ಗೊತ್ತಿಲ್ಲ. ಇದ್ರಲ್ಲಿ ಜೀವನ ನಡಿಯತ್ತಾ? ದೊಡ್ಡ ಪ್ಲೇಯರ್ ಆಗಿರದೇ ಇದ್ರೆ ಯಾರಾದ್ರೂ ತಗೋತಾರಾ? ಎಷ್ಟು ವರ್ಷಕ್ಕೆ ಒಂದು ಮಟ್ಟಕ್ಕೆ ಬರ್ತಾನೆ?

ಉತ್ತರ: ಈ ಉತ್ತರ ಯಾರ ಬಾಯಿಂದ ಬರ್ತಿದೆ ಅಂತ ನಿಮಗೆ ಮೊದ್ಲೇ ಗೊತ್ತಿರ್ಲಿ. ನಾನು 11 ವರ್ಷದಲ್ಲಿ ನಾಲ್ಕು ಕಾಲೇಜು ಸುತ್ತಿದೀನಿ, ನಾಲ್ಕರಲ್ಲೂ ಅಸಿಸ್ಟೆಂಟ್. ಹೆಡ್ ಕೋಚ್ ಯಾವತ್ತೂ ಆಗ್ಲಿಲ್ಲ. ಈಗ ಹೈಸ್ಕೂಲ್ ಹುಡುಗ್ರಿಗೆ ಪಿಚಿಂಗ್, ಅಂದ್ರೆ ಬ್ಯಾಟರ್‌ಗೆ ಬಾಲ್ ಎಸೆಯೋದು, ಹೇಳ್ಕೊಡ್ತಾ, ರಾತ್ರಿ ಮನೇಲಿ ಮಲಗ್ತಾ ಆರಾಮಾಗಿದೀನಿ. ಹಾಗಾಗಿ ಸ್ವಲ್ಪ ಕಹಿ ಇರ್ಬೋದು ಮಾತಲ್ಲಿ, ಅದನ್ನ ನೀವೇ ಸೋಸ್ಕೊಳ್ಳಿ.

ನಮ್ ಊರಿಂದ ಬಂದೋರಿಗೆ ಕಾಲೇಜ್ ಕೋಚ್ ಅಂದ ತಕ್ಷಣ ತಲೇಲಿ ಬರೋದು ಪಿಟಿ ಮೇಷ್ಟ್ರು, ಕೊರಳಲ್ಲಿ ಸೀಟಿ, ಸ್ಪೋರ್ಟ್ಸ್ ಡೇ ದಿನ ಸುಣ್ಣದ ಗೆರೆ ಹಾಕ್ಸೋರು. ಇಲ್ಲಿ ಹಾಗಲ್ಲ, ಅಂದ್ರೆ ಸುಣ್ಣದ ಗೆರೆ ಇಲ್ಲೂ ಹಾಕ್ಬೇಕು, ಅದನ್ನ ಆಮೇಲೆ ಹೇಳ್ತೀನಿ. ಡಿವಿಷನ್ ಒನ್ ಅನ್ನೋ ಮೇಲಿನ ಮಟ್ಟದಲ್ಲೇ ಸುಮಾರು 300 ಕಾಲೇಜು ಬೇಸ್‌ಬಾಲ್ ಆಡ್ತವೆ. ಅದರ ಕೆಳಗೆ ಡಿವಿಷನ್ ಟೂ, ತ್ರೀ, ಅದರ ಪಕ್ಕಕ್ಕೆ ಎನ್‌ಎಐಎ ಅಂತ ಬೇರೆ ಸಂಸ್ಥೆ, ಮತ್ತೆ ಎರಡು ವರ್ಷದ ಜೂನಿಯರ್ ಕಾಲೇಜುಗಳು, ಅದನ್ನ ಎಲ್ರೂ ಜೂಕೋ ಅಂತಾರೆ. ಎಲ್ಲ ಸೇರಿಸಿದ್ರೆ ಸಾವಿರದ ಮೇಲೇ ಟೀಮು, ಪ್ರತಿ ಟೀಮಿಗೂ ಒಬ್ಬ ಹೆಡ್ ಕೋಚು, ಒಂದಿಬ್ರು ಮೂರು ಜನ ಅಸಿಸ್ಟೆಂಟು. ಅಂದ್ರೆ ಕೆಲ್ಸಗಳು ಇವೆ. ಇಲ್ಲ ಅಂತಲ್ಲ. ಆದ್ರೆ ಆ ಕೆಲ್ಸ ಸಿಗೋ ರೀತಿ ಮತ್ತೆ ಅದರಲ್ಲಿ ಹೊಟ್ಟೆ ತುಂಬೋಕೆ ಹಿಡಿಯೋ ಟೈಮು, ಅದು ನಿಮ್ಮ ಐಟಿ ಲೈನ್‌ಗೂ ಇದಕ್ಕೂ ಆಕಾಶ ಭೂಮಿ ವ್ಯತ್ಯಾಸ.

ನಿಮ್ ಎರಡನೇ ಪ್ರಶ್ನೆ ಸುಲಭ, ಅದನ್ನೇ ಮೊದ್ಲು ಮುಗಿಸ್ತೀನಿ. ದೊಡ್ಡ ಪ್ಲೇಯರ್ ಆಗಿರೋದು ಬೇಕಾಗಿಲ್ಲ. ಟೋನಿ ವಿಟೆಲ್ಲೋ ಅಂತ ಟೆನ್ನೆಸ್ಸಿ ಯೂನಿವರ್ಸಿಟಿ ಕೋಚ್ ಇದ್ದ, 2024ರಲ್ಲಿ ಆ ಯೂನಿವರ್ಸಿಟಿಗೆ ಮೊದಲ ನ್ಯಾಷನಲ್ ಟೈಟಲ್ ತಂದ್ಕೊಟ್ಟೋನು. ಅವನು ದುಡ್ಡಿಗಾಗಿ ಒಂದೇ ಒಂದು ಮ್ಯಾಚ್ ಆಡಿದೋನಲ್ಲ. ಅವರಪ್ಪ ಸೇಂಟ್ ಲೂಯಿಸ್‌ನಲ್ಲಿ ಹೈಸ್ಕೂಲ್ ಕೋಚು. ಇವನು ಮಿಸ್ಸೂರಿ ಯೂನಿವರ್ಸಿಟಿಗೆ ಆಡಿ, ಅಲ್ಲೇ ಅಸಿಸ್ಟೆಂಟ್ ಆಗಿ, ಆಮೇಲೆ ಟೆಕ್ಸಸ್‌ನ ಟಿಸಿಯು, ಆಮೇಲೆ ಅರ್ಕನ್ಸಾ, ಹೀಗೆ ಹತ್ರತ್ರ 15 ವರ್ಷ ಬರೀ ಅಸಿಸ್ಟೆಂಟ್ ಆಗೇ ಕಳ್ದ ಮೇಲೆ 2017ರಲ್ಲಿ ಟೆನ್ನೆಸ್ಸಿ ಸಿಕ್ತು. 2025ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಜಯಂಟ್ಸ್ ಟೀಮು ಅವನನ್ನ ಸೀದಾ ಕಾಲೇಜಿಂದ ಎತ್ಕೊಂಡೋಗಿ ಮೇಜರ್ ಲೀಗ್ (ಎಲ್ಲಕ್ಕಿಂತ ಮೇಲಿನ ಪ್ರೊಫೆಷನಲ್ ಲೀಗು) ಮ್ಯಾನೇಜರ್, ಅಂದ್ರೆ ಅಲ್ಲಿನ ಹೆಡ್ ಕೋಚ್, ಮಾಡ್ತು, ಪ್ರೊಫೆಷನಲ್ ಬೇಸ್‌ಬಾಲ್‌ನಲ್ಲಿ ಯಾವ ಅನುಭವಾನೂ ಇಲ್ದೇ ಹಾಗೆ ನೇರ ಹೋದೋರು ಅದಕ್ಕೆ ಮುಂಚೆ ಯಾರೂ ಇರ್ಲಿಲ್ಲ. ಇದನ್ನ ನಿಮ್ ಮಗ ಈಗಾಗ್ಲೇ ನಿಮಗೆ ಹತ್ತು ಸಲ ಹೇಳಿರ್ತಾನೆ ಬಿಡಿ. ಅವನು ಹೇಳದೇ ಬಿಟ್ಟಿರೋದು ಆ 15 ವರ್ಷದ ಕಥೆ.

ಈಗ ದುಡ್ಡಿನ ವಿಷ್ಯ. ಮೊದ್ಲು ಈ ಕೆಲ್ಸದಲ್ಲಿ ಬದುಕೋಕೆ ಆಗ್ತಾನೇ ಇರ್ಲಿಲ್ಲ. ರಾಡ್ ಡೀಡೋ ಅಂತ, ಲಾಸ್ ಏಂಜಲೀಸ್‌ನ ಯುಎಸ್‌ಸಿಗೆ 1942ರಿಂದ 1986ರ ತನಕ ಕೋಚ್, 11 ನ್ಯಾಷನಲ್ ಟೈಟಲ್, ಅದರಲ್ಲಿ 1970ರಿಂದ 74ರ ತನಕ ಐದು ಸತತವಾಗಿ. ಆ ಮನುಷ್ಯನ ಸಂಬಳ ವರ್ಷಕ್ಕೆ ಒಂದು ಡಾಲರ್. ತಮಾಷೆ ಅಲ್ಲ, ಒಂದೇ ಡಾಲರು. ಅವರದ್ದು ಸ್ವಂತ ಲಾರಿ ಟ್ರಾನ್ಸ್‌ಪೋರ್ಟ್ ಬಿಸಿನೆಸ್ ಇತ್ತು, ಅದರಲ್ಲಿ ಲಕ್ಷಾಂತರ ಡಾಲರ್ ದುಡೀತಿದ್ರು, ಮಧ್ಯಾಹ್ನ ಗ್ರೌಂಡಿಗೆ ಬಂದು ಕೋಚಿಂಗ್ ಮಾಡೋರು. ಈಗ ಅದೇ ಕೆಲ್ಸದ ತುತ್ತತುದೀಲಿರೋರಿಗೆ ವರ್ಷಕ್ಕೆ ಮಿಲಿಯನ್‌ಗಟ್ಲೆ. ವಿಟೆಲ್ಲೋಗೆ ಟೈಟಲ್ ಗೆದ್ದ ಮೇಲೆ ಟೆನ್ನೆಸ್ಸಿ ಕೊಟ್ಟ ಕಾಂಟ್ರ್ಯಾಕ್ಟು ವರ್ಷಕ್ಕೆ 30 ಲಕ್ಷ ಡಾಲರ್ ಲೆಕ್ಕದ್ದು. ಆದ್ರೆ ಅಂಥಾ ದುಡ್ಡು ಕೊಡೋ ಕಾಲೇಜು ಬೆರಳೆಣಿಕೆ, ಹೆಚ್ಚುಕಮ್ಮಿ ಎಲ್ಲಾ ದಕ್ಷಿಣದ ಎಸ್‌ಇಸಿ ಕಾನ್ಫರೆನ್ಸ್ ಅನ್ನೋ ಕಾಲೇಜುಗಳ ಗುಂಪಿನವು, ಅಲ್ಲಿ ಬೇಸ್‌ಬಾಲ್ ಅಂದ್ರೆ ಊರ ಜಾತ್ರೆ. ಕೆಳಗೆ ಬಂದ್ಹಾಗೆ ಸಂಬಳ ಮೆಟ್ಲು ಇಳಿಯಲ್ಲ, ಬಾವಿಗೆ ಬೀಳತ್ತೆ.

ನನ್ ಮೊದಲ ಕೆಲ್ಸ ಮಿಡ್‌ವೆಸ್ಟ್‌ನ ಒಂದು ಪುಟ್ಟ ಕಾಲೇಜಲ್ಲಿ ಗ್ರಾಜುಯೇಟ್ ಅಸಿಸ್ಟೆಂಟ್. ಜಿಎ ಅಂತ ಕರೀತಾರೆ, ನಿಮ್ ಮಗನಿಗೂ ಬಹುಶಃ ಇದೇ ಬಾಗಿಲು. ಮಾಸ್ಟರ್ಸ್ ಫೀಸ್ ಮಾಫಿ, ತಿಂಗಳಿಗೆ 600 ಡಾಲರ್, ಹಾಸ್ಟೆಲ್‌ನಲ್ಲಿ ಒಂದು ರೂಮು, ಆ ರೂಮಿಗೆ ಬದಲಾಗಿ ರಾತ್ರಿ ಹಾಸ್ಟೆಲ್ ವಾರ್ಡನ್ ಡ್ಯೂಟಿ, ಕುಡ್ದು ಬಂದ ಹುಡುಗ್ರನ್ನ ಎತ್ತಿ ಮಲಗ್ಸೋದು. ಬೆಳಿಗ್ಗೆ ಐದೂವರೆಗೆ ವೇಯ್ಟ್ ರೂಮ್ ಬಾಗಿಲು ತೆಗೀಬೇಕು. ಮ್ಯಾಚ್ ಇದ್ದ ದಿನ ಬೆಳಗಾಗೋದ್ರೊಳಗೆ ಗ್ರೌಂಡು. ರಾತ್ರಿ ಮಳೆ ಬಿದ್ದಿದ್ರೆ ಟಾರ್ಪಾಲ್ ಮೇಲೆ ನಿಂತಿರೋ ನೀರು ಹೊಡ್ದು, ಅದನ್ನ ಸುತ್ತಿ, ಪಿಚರ್ ನಿಲ್ಲೋ ದಿಬ್ಬ ಮೌಂಡ್, ಅದರ ಮಣ್ಣು ಕುಟ್ಟಿ, ಪಿಚರ್ ಕಾಲಿಡೋ ಜಾಗದಲ್ಲಿ ಬಿದ್ದಿರೋ ಗುಂಡಿಗೆ ಜೇಡಿ ತುಂಬ್ಸಿ, ನೀರು ಚಿಮುಕ್ಸಿ ಮತ್ತೆ ಕುಟ್ಬೇಕು. ಹೋಮ್ ಪ್ಲೇಟ್‌ನಿಂದ ಫೌಲ್ ಪೋಲ್ ತನಕ ದಾರ ಎಳ್ದು ಸುಣ್ಣದ ಗಾಡಿ ತಳ್ಕೊಂಡು ಹೋಗ್ಬೇಕು, ಗೆರೆ ಸೊಟ್ಟಗಾದ್ರೆ ಹೆಡ್ ಕೋಚ್ ಡಗ್‌ಔಟ್‌ನಿಂದ ಒಂದ್ ಸಲ ಕೆಮ್ಮೋರು, ಅಷ್ಟೇ, ಮತ್ತೆ ಅಳಿಸಿ ಹಾಕ್ಬೇಕು. ಆಮೇಲೆ ಬ್ಯಾಟಿಂಗ್ ಪ್ರಾಕ್ಟೀಸಿಗೆ ಇನ್ನೂರು ಮುನ್ನೂರು ಬಾಲ್ ಎಸೀಬೇಕು, ಫಂಗೋ ಅನ್ನೋ ಉದ್ದ ಸಣಕಲು ಬ್ಯಾಟಲ್ಲಿ ಫೀಲ್ಡರ್‌ಗಳಿಗೆ ಗ್ರೌಂಡ್ ಬಾಲ್ ಹೊಡೀಬೇಕು. ಮ್ಯಾಚ್ ಮುಗಿದ ಮೇಲೆ 30 ಜನರ ಯೂನಿಫಾರ್ಮ್ ಒಗೆಯೋದು. ಕೆಂಪು ಮಣ್ಣಿನ ಕಲೆ ಬಿಳಿ ಪ್ಯಾಂಟಿಂದ ಹೇಗೆ ತೆಗೆಯೋದು ಅಂತ ನನಗೆ ಗೊತ್ತಿರೋಷ್ಟು ನಮ್ಮಮ್ಮನಿಗೂ ಗೊತ್ತಿಲ್ಲ. ಅಮ್ಮ ಊರಿಂದ ಫೋನ್ ಮಾಡಿ ಏನ್ ಕೆಲ್ಸಪ್ಪ ನಿಂದು ಅಂದ್ರೆ ಕಾಲೇಜಲ್ಲಿ ಹೇಳ್ಕೊಡ್ತೀನಿ ಅಂತಿದ್ದೆ, ಅವ್ರು ಪಕ್ಕದ ಮನೆಯೋರಿಗೆ ಲೆಕ್ಚರರ್ ಅಂತ ಹೇಳ್ಬಿಟ್ಟಿದ್ರು.

ಇದೆಲ್ಲ ಕಷ್ಟ ಅಂತ ಹೇಳ್ತಿಲ್ಲ, ಇದರಲ್ಲಿ ಮಜಾ ಇತ್ತು, 23 ವಯಸ್ಸಿಗೆ. ಮಜಾ ಹೋಗಿದ್ದು 28ಕ್ಕೆ, ಇನ್ನೊಂದು ಕಾಲೇಜಲ್ಲಿ ವಾಲಂಟಿಯರ್ ಅಸಿಸ್ಟೆಂಟ್ ಆಗಿದ್ದಾಗ. ಈ ವಾಲಂಟಿಯರ್ ಅನ್ನೋ ಪದಾನ ನೀವು ಸರಿಯಾಗಿ ತಿಳ್ಕೋಬೇಕು, ಯಾಕಂದ್ರೆ ಈಗ 35, 40ರ ಆಸುಪಾಸಲ್ಲಿರೋ ಎಷ್ಟೋ ಕೋಚ್‌ಗಳು ಇದೇ ಗಾಣಕ್ಕೆ ಹೆಗಲು ಕೊಟ್ಟು ಬಂದೋರು. ಡಿವಿಷನ್ ಒನ್ ಬೇಸ್‌ಬಾಲ್‌ನಲ್ಲಿ ಈ ಡಿವಿಷನ್‌ಗಳನ್ನ ನಡೆಸೋ ಎನ್‌ಸಿಎಎ ಸಂಸ್ಥೆ ರೂಲ್ ಪ್ರಕಾರ ಹೆಡ್ ಕೋಚ್ ಜೊತೆಗೆ ಸಂಬಳ ಕೊಡ್ಬೋದಾಗಿದ್ದು ಇಬ್ರೇ ಅಸಿಸ್ಟೆಂಟ್‌ಗೆ. ಮೂರನೆಯವನನ್ನ ಇಟ್ಕೋಬೋದು, ಆದ್ರೆ ಸಂಬಳ ಕೊಡೋ ಹಾಗಿಲ್ಲ, ಇನ್ಶೂರೆನ್ಸೂ ಇಲ್ಲ. ಕಾಲೇಜಿಗೆ ಕೊಡೋ ಮನಸಿದ್ರೂ ಕೊಡೋ ಹಾಗಿಲ್ಲ, ರೂಲು. ಕೆಲ್ಸ ಮಾತ್ರ ಉಳಿದ ಇಬ್ರಷ್ಟೇ, ವಾರಕ್ಕೆ 60, 70 ಗಂಟೆ. ಬೇಸಿಗೆ ಕ್ಯಾಂಪ್ ನಡೆಸಿ ಅದರಿಂದ ಬರೋ ದುಡ್ಡಲ್ಲಿ ವರ್ಷ ತಳ್ಬೇಕು. ಕ್ಯಾಂಪಿಗೆ ಜನ ಬರ್ಬೇಕು ಅಂದ್ರೆ ಕಾಲೇಜಿಗೆ ಹೆಸ್ರಿರ್ಬೇಕು, ನಾನಿದ್ದ ಕಾಲೇಜಿಗೆ ಅದೂ ಇರ್ಲಿಲ್ಲ. ನಾನು ರಾತ್ರಿ ಒಂದು ಗೋಡೌನಲ್ಲಿ ಪಾರ್ಸೆಲ್ ಜೋಡಿಸ್ತಿದ್ದೆ.

ಇದರ ವಿಪರ್ಯಾಸ ಕೇಳಿ. 2019ರಲ್ಲಿ ಟೆಕ್ಸಸ್ ಯೂನಿವರ್ಸಿಟಿಗೆ ವಾಲಂಟಿಯರ್ ಅಸಿಸ್ಟೆಂಟ್ ಆಗಿ ಸೇರಿದ್ದು ಯಾರು ಗೊತ್ತಾ, ಟ್ರಾಯ್ ಟುಲೋವಿಟ್ಸ್‌ಕಿ, ಮೇಜರ್ ಲೀಗ್‌ನಲ್ಲಿ ಆಲ್‌ಸ್ಟಾರ್ ಶಾರ್ಟ್‌ಸ್ಟಾಪ್, ಆಗಷ್ಟೇ ರಿಟೈರ್ ಆಗಿದ್ದ, ಟೊರಾಂಟೋ ಟೀಮಿಂದ ಹಳೇ ಕಾಂಟ್ರ್ಯಾಕ್ಟಿನ ಬಾಬ್ತು ಇನ್ನೂ 1 ಕೋಟಿ ಡಾಲರ್‌ಗೂ ಮೇಲೆ ಬರೋದಿತ್ತು. ಅವನಿಗೆ ವಾಲಂಟಿಯರ್ ಅಂದ್ರೇನು, ಬ್ಯಾಂಕಲ್ಲಿ ಬಡ್ಡಿ ಬೆಳೀತಿರತ್ತೆ. ನನಗೂ ಅವನಿಗೂ ಕೆಲಸದ ಹೆಸ್ರು ಒಂದೇ, ಅದೊಂದು ನೆನೆಸ್ಕೊಂಡ್ರೆ ಈಗಲೂ ನಗು ಬರತ್ತೆ. ಹಲ್ಲಿದ್ದೋನಿಗೆ ಕಡ್ಲೆ ಇಲ್ಲ, ಇಲ್ಲಿ ಹಲ್ಲೂ ಕಡ್ಲೇನೂ ಎರಡೂ ಅವನಿಗೇ.

ಕೊನೆಗೆ ಇದರ ಮೇಲೆ ಕೋರ್ಟಿಗೆ ಹೋದ್ರು. 2023ರ ಜುಲೈ 1ರಿಂದ ವಾಲಂಟಿಯರ್ ಹುದ್ದೇನೇ ತೆಗೆದ್ಹಾಕಿ ಮೂರನೇ ಅಸಿಸ್ಟೆಂಟ್‌ಗೂ ಸಂಬಳ ಕೊಡ್ಬೋದು ಅಂತ ಆಯ್ತು, ಹಿಂದಿನ ಬೇಸ್‌ಬಾಲ್ ವಾಲಂಟಿಯರ್‌ಗಳಿಗೆ ಪರಿಹಾರ ಅಂತ ಎನ್‌ಸಿಎಎ ಸುಮಾರು 4.9 ಕೋಟಿ ಡಾಲರ್‌ಗೆ ರಾಜಿ ಮಾಡ್ಕೊಳ್ತು. ಹಾಗಾಗಿ ನಿಮ್ ಮಗ ನನಗಿಂತ ಒಳ್ಳೇ ಕಾಲಕ್ಕೆ ಬರ್ತಿದಾನೆ. ಆದ್ರೆ "ಕೊಡ್ಬೋದು" ಅಂದ್ರೆ ಕೊಡ್ಲೇಬೇಕು ಅಂತಲ್ಲ, ಎಷ್ಟೋ ಸಣ್ಣ ಕಾಲೇಜು ಆ ಮೂರನೇ ಜಾಗಕ್ಕೆ ಕೊಡೋದು ಹೋಟ್ಲು ಸಪ್ಲೈಯರ್ ಸಂಬಳ.

ಸರಿ, ಇಷ್ಟೆಲ್ಲ ಸಹಿಸ್ಕೊಂಡ ಮೇಲೆ ಮೇಲೆ ಹೋಗೋದು ಹೇಗೆ? ಇಲ್ಲಿ ನಾನು ಹೇಳೋ ಮಾತೇ ಈ ಇಡೀ ಉತ್ತರದ ತಿರುಳು ಅಂತ ಇಟ್ಕೊಳ್ಳಿ. ಈ ಲೈನಲ್ಲಿ ಅಪ್ಲಿಕೇಶನ್ ಹಾಕಿ ಕೆಲ್ಸ ತಗೊಂಡೋರನ್ನ ನಾನು ನೋಡಿದ್ದು ಕಡ್ಮೆ. ಯಾರೋ ಒಬ್ಬ ಕೋಚ್ ಬೇರೆ ಕಾಲೇಜಿಗೆ ಹೋಗ್ತಾನೆ, ಹೋಗುವಾಗ ತನ್ನೋರನ್ನ ಕರ್ಕೊಂಡೇ ಹೋಗ್ತಾನೆ. ಆ ತನ್ನೋರಲ್ಲಿ ನೀವಿದೀರಾ ಇಲ್ವಾ, ಅಷ್ಟೇ ಪ್ರಶ್ನೆ. ನಮ್ಮಲ್ಲಿ ಘರಾನ, ಗುರುಪರಂಪರೆ ಅಂತೀವಲ್ಲ, ಇಲ್ಲಿ ಕೋಚಿಂಗ್ ಟ್ರೀ ಅಂತಾರೆ. ಯಾವ ಕೊಂಬೆ ಅಂತ ಕೇಳಿದ್ರೆ ಸಾಕು, ಆ ಕೋಚ್ ಹೇಗೆ ಪ್ರಾಕ್ಟೀಸ್ ಮಾಡಿಸ್ತಾನೆ ಅಂತಾನೂ ಅಂದಾಜು ಸಿಗತ್ತೆ.

ಒಂದು ಕೊಂಬೆ ತೋರಿಸ್ತೀನಿ. ರಾನ್ ಫ್ರೇಝರ್ ಅಂತ 1963ರಲ್ಲಿ ಮಯಾಮಿ ಯೂನಿವರ್ಸಿಟಿಗೆ ಬಂದ್ರು, ಜನ ಬರ್ಲಿ ಅಂತ ಮ್ಯಾಚಲ್ಲಿ ಏನೇನೋ ಸರ್ಕಸ್ ಮಾಡಿ, ಚಂದಾ ಎತ್ತಿ, ಕಾಲೇಜ್ ಬೇಸ್‌ಬಾಲ್ ಅನ್ನೋದು ಟಿಕೆಟ್ ಕೊಟ್ಟು ನೋಡೋ ವಸ್ತು ಅಂತ ಮಾಡಿದ್ದೇ ಅವ್ರು. ಅದೇ ಊರಲ್ಲಿ ಹೈಸ್ಕೂಲ್ ಕೋಚ್ ಆಗಿದ್ದ ಸ್ಕಿಪ್ ಬರ್ಟ್‌ಮನ್ ಅನ್ನೋರನ್ನ ಅಸಿಸ್ಟೆಂಟ್ ಮಾಡ್ಕೊಂಡ್ರು. 1982ರಲ್ಲಿ ಮಯಾಮಿ ಟೈಟಲ್ ಗೆದ್ದಾಗ ಬರ್ಟ್‌ಮನ್ ಅಲ್ಲೇ. ಅವರಿಗೆ ಹೆಡ್ ಕೋಚ್ ಕೆಲ್ಸ ಸಿಕ್ಕಿದ್ದು 1984ರ ಸೀಸನ್‌ಗೆ, ಲೂಯಿಸಿಯಾನದ ಎಲ್‌ಎಸ್‌ಯುನಲ್ಲಿ, ಆಗ ವಯಸ್ಸು 45. ಅಲ್ಲಿಂದ 2001ರ ತನಕ ಐದು ನ್ಯಾಷನಲ್ ಟೈಟಲ್. ಅದರಲ್ಲಿ ಒಂದು 1996ದ್ದು, ಫೈನಲ್‌ನಲ್ಲಿ ಎದುರಾಳಿ ಯಾರು ಅಂದ್ರೆ ಅದೇ ಮಯಾಮಿ, ಕೊನೇದಾದ ಒಂಬತ್ತನೇ ಇನಿಂಗ್ಸ್, ಮೂರರಲ್ಲಿ ಎರಡು ಔಟ್, ಒಂದು ರನ್ ಹಿಂದೆ, ಆ ಇಡೀ ಸೀಸನ್ ಒಂದೂ ಹೋಮ್ ರನ್ ಹೊಡೀದೇ ಇದ್ದ ವಾರೆನ್ ಮಾರಿಸ್ ಅನ್ನೋ ಹುಡುಗ ರೈಟ್ ಫೀಲ್ಡ್ ಗೋಡೆ ದಾಟಿಸ್ಬಿಟ್ಟ. 45 ವಯಸ್ಸಿಗೆ ಶುರು ಮಾಡಿದೋರು ಆಮೇಲೆ ಅದೇ ಯೂನಿವರ್ಸಿಟಿಯ ಅಥ್ಲೆಟಿಕ್ ಡೈರೆಕ್ಟರೂ ಆದ್ರು. ಎಷ್ಟು ವರ್ಷಕ್ಕೆ ಮಟ್ಟಕ್ಕೆ ಬರ್ತಾನೆ ಅಂತ ಕೇಳಿದ್ರಲ್ಲ, ಅದಕ್ಕೆ ಈ 45 ಅನ್ನೋ ನಂಬರ್ ಹೇಳಿದ್ದು. 30ರೊಳಗೆ ಆದೋರೂ ಇದಾರೆ, ಅವರ ಲೆಕ್ಕ ಹಿಡಿದ್ರೆ ಮನಸ್ಸು ಕೆಡತ್ತೆ.

ಗುರು ಶಿಷ್ಯನ್ನ ಕರ್ಕೊಂಡ್ ಹೋಗೋದು ಒಂದ್ ಕಡೆ, ಉಲ್ಟಾನೂ ಆಗತ್ತೆ. ಪ್ಯಾಟ್ ಮರ್ಫಿ ಅಂತ, ನೋಟರ್‌ಡೇಮ್ ಕೋಚ್ ಆಗಿದ್ದಾಗ ಕ್ರೇಗ್ ಕೌನ್ಸೆಲ್ ಅನ್ನೋ ಹುಡುಗ ಇವನ ಟೀಮಲ್ಲಿ ಆಡ್ತಿದ್ದ. ಮರ್ಫಿ ಆಮೇಲೆ ಅರಿಜೋನಾ ಸ್ಟೇಟ್‌ಗೆ ಹೋದ, ಚೆನ್ನಾಗೇ ಗೆದ್ದ, 2009ರಲ್ಲಿ ಎನ್‌ಸಿಎಎ ತನಿಖೆ ನಡೀತಿದ್ದಾಗ ಕೆಲ್ಸ ಬಿಡ್ಬೇಕಾಯ್ತು, 50 ವಯಸ್ಸಿಗೆ ಬೀದಿಗೆ ಬಂದ ಹಾಗೆ. ಮೇಜರ್ ಲೀಗ್ ಕೆಳಗಿನ ಮೈನರ್ ಲೀಗ್‌ನಲ್ಲಿ ಬಸ್ ಹತ್ಕೊಂಡು ಮತ್ತೆ ಕೆಳಗಿಂದ ಶುರು ಮಾಡಿದ. ಅಷ್ಟೊತ್ತಿಗೆ ಆ ಕೌನ್ಸೆಲ್ ಮಿಲ್ವಾಕಿ ಬ್ರೂವರ್ಸ್‌ನ ಮ್ಯಾನೇಜರ್ ಆಗಿದ್ದ, ತನ್ನ ಹಳೇ ಮೇಷ್ಟ್ರನ್ನ ಬೆಂಚ್ ಕೋಚ್, ಅಂದ್ರೆ ತನ್ನ ಬಲಗೈ ಅಸಿಸ್ಟೆಂಟ್, ಆಗಿ ಕರ್ಕೊಂಡ. ಕೌನ್ಸೆಲ್ 2023ರ ಕೊನೇಲಿ ಶಿಕಾಗೋ ಕಬ್ಸ್‌ಗೆ ಹೋದಾಗ ಆ ಕುರ್ಚಿ ಮರ್ಫಿಗೇ ಬಂತು, 2024ರಲ್ಲೂ 2025ರಲ್ಲೂ ನ್ಯಾಷನಲ್ ಲೀಗ್ ಮ್ಯಾನೇಜರ್ ಆಫ್ ದಿ ಇಯರ್ ಅವನೇ. ನೋಡಿ, ಇಪ್ಪತ್ತು ವರ್ಷದ ಹಿಂದೆ ಒಬ್ಬ ಸಣಕಲು ಹುಡುಗನ ಹತ್ರ ಹೇಗೆ ನಡ್ಕೊಂಡಿದ್ರು ಅನ್ನೋದು ಆಮೇಲೆ ಎಲ್ಲಿ ಬಂದು ಕೈ ಹಿಡಿಯತ್ತೆ.

ಇನ್ನು ಹೆಡ್ ಕೋಚ್ ಆದ್ಮೇಲೆ ಕೆಲ್ಸ ಏನು ಅಂದ್ರೆ, ಬೇಸ್‌ಬಾಲ್ ಹೇಳ್ಕೊಡೋದು ಅದರಲ್ಲಿ ಕಾಲು ಭಾಗ. ಮುಖ್ಯ ಕೆಲ್ಸ ಹುಡುಗ್ರನ್ನ ತರೋದು. ಜುಲೈ ತಿಂಗಳು ಜಾರ್ಜಿಯಾದ ಲೇಕ್‌ಪಾಯಿಂಟ್ ಅಂತ ಒಂದು ದೊಡ್ಡ ಕಾಂಪ್ಲೆಕ್ಸಿಗೆ ಹೋದ್ರೆ ನಿಮಗೆ ಈ ವೃತ್ತಿಯ ನಿಜರೂಪ ಕಾಣತ್ತೆ. ಬೆಳಿಗ್ಗೆ ಎಂಟರಿಂದ ರಾತ್ರಿ ಹತ್ತರ ತನಕ ಹೈಸ್ಕೂಲ್ ಹುಡುಗರ ಟೂರ್ನಮೆಂಟು, ಹೋಮ್ ಪ್ಲೇಟ್ ಹಿಂದೆ ಬಲೆ ಪಕ್ಕ ಮಡಚೋ ಕುರ್ಚಿ ಹಾಕ್ಕೊಂಡು ಸಾಲಾಗಿ ಕೂತಿರ್ತಾರೆ ಕೋಚ್‌ಗಳು, ಎಲ್ರೂ ಕಾಲೇಜ್ ಲೋಗೋ ಇರೋ ಪೋಲೋ ಶರ್ಟು, ಎಲ್ರ ಕೈಲೂ ಬಾಲ್ ಸ್ಪೀಡ್ ಅಳೆಯೋ ರೇಡಾರ್ ಗನ್ನು. ಹುಡುಗ ಬಾಲ್ ಎಸೀತಿದ್ದ ಹಾಗೇ ಹತ್ತು ಗನ್ ಒಟ್ಟಿಗೆ ಮೇಲೇಳತ್ತೆ, ಸಂಖ್ಯೆ ನೋಡಿ ಒಟ್ಟಿಗೆ ಕೆಳಗಿಳಿಯತ್ತೆ. ಗಂಟೆಗೆ 88 ಮೈಲಿ ಬಂದ್ರೆ ಯಾರೂ ಅಲ್ಲಾಡಲ್ಲ, 93 ಬಂದ್ರೆ ಇಬ್ರು ಮೂರು ಜನ ಫೋನ್ ಹಿಡ್ಕೊಂಡು ಎದ್ದು ಪಾರ್ಕಿಂಗ್ ಕಡೆ ಹೋಗ್ತಾರೆ. ನಾನು ಅಲ್ಲಿ ಹಾಗೆ ಕೂತ್ಕೊಂಡೇ ನನ್ ತಮ್ಮನ ಮದ್ವೆ ವೀಡಿಯೋ ಕಾಲಲ್ಲಿ ನೋಡಿದ್ದು.

ಅದೂ ಸ್ಕಾಲರ್‌ಶಿಪ್ ಲೆಕ್ಕ ಬೇರೆ. ಇತ್ತೀಚಿನ ತನಕ ಒಂದು ಡಿವಿಷನ್ ಒನ್ ಬೇಸ್‌ಬಾಲ್ ಟೀಮಿಗೆ ಇದ್ದಿದ್ದು 11.7 ಸ್ಕಾಲರ್‌ಶಿಪ್ಪು, ಅದನ್ನ 27 ಹುಡುಗರಿಗೆ ಹಂಚ್ಬೇಕು, ಒಬ್ಬೊಬ್ಬನಿಗೂ ಕನಿಷ್ಠ ಕಾಲು ಭಾಗ. ಒಬ್ಬನಿಗೆ 40 ಪರ್ಸೆಂಟು, ಇನ್ನೊಬ್ಬನಿಗೆ 25, ಅವರಪ್ಪ ಬಂದು ಪಕ್ಕದ ಕಾಲೇಜು 35 ಕೊಡ್ತೀನಿ ಅಂದಿದೆ ಅಂತಾರೆ. ಮದುವೆ ಮನೇಲಿ ಹದಿನೈದು ಎಲೆಗೆ ಮಾಡಿದ ಅಡುಗೇನ ಮೂವತ್ತು ಎಲೆಗೆ ಬಡಿಸೋ ಕಥೆ. ನಿಮ್ ಮಗ ಫೈನಾನ್ಸ್ ಓದಿದಾನೆ ಅಂದ್ರಿ, ಅದು ವೇಸ್ಟ್ ಆಗಲ್ಲ. 2025ರ ಶೈಕ್ಷಣಿಕ ವರ್ಷದಿಂದ ದೊಡ್ಡ ಕಾಲೇಜುಗಳಲ್ಲಿ ಆ ಮಿತಿ ಹೋಗಿ ಟೀಮಲ್ಲಿ 34 ಜನ ಇರ್ಬೋದು, ಎಲ್ರಿಗೂ ಪೂರ್ತಿ ಕೊಟ್ರೂ ಸರಿ ಅಂತಾಗಿದೆ. ದುಡ್ಡಿರೋ ಕಾಲೇಜಿಗೆ ಹಬ್ಬ, ಉಳಿದೋರಿಗೆ ಗೋಳು. ಅದರ ಜೊತೆ ಟ್ರಾನ್ಸ್‌ಫರ್ ಪೋರ್ಟಲ್. ಮೊದ್ಲು ಹುಡುಗ ಕಾಲೇಜ್ ಬದಲಾಯಿಸಿದ್ರೆ ಒಂದು ವರ್ಷ ಹೊರಗೆ ಕೂರ್ಬೇಕಿತ್ತು, ಈಗಿಲ್ಲ. ನೀವು ಎರಡು ವರ್ಷ ತಿದ್ದಿ ತೀಡಿ ಪಿಚರ್ ಮಾಡ್ತೀರ, ಜೂನ್‌ನಲ್ಲಿ ಅವನು ಪೋರ್ಟಲ್‌ಗೆ ಹೆಸ್ರು ಹಾಕಿ ಟಾಟಾ ಮಾಡ್ತಾನೆ. ಬೈಯೋಕಾಗಲ್ಲ, ಕೋಚ್‌ಗಳೂ ಅದನ್ನೇ ಮಾಡ್ತಾರಲ್ಲ.

ಕೋಚ್‌ಗಳು ಹೇಗೆ ಮಾಡ್ತಾರೆ ಅಂದ್ರೆ, 2024ರ ಜೂನ್ 24, ಒಮಾಹಾದಲ್ಲಿ ಕಾಲೇಜ್ ಬೇಸ್‌ಬಾಲ್ ಫೈನಲ್, ಟೆಕ್ಸಸ್ ಎ ಅಂಡ್ ಎಂ ಸೋತ್ಹೋಯ್ತು. ಗೆದ್ದಿದ್ದು ಆಗಲೇ ಹೇಳಿದ ವಿಟೆಲ್ಲೋ ಟೀಮು. ಸೋತ ಕೋಚ್ ಜಿಮ್ ಷ್ಲಾಸ್‌ನೇಗಲ್‌ನ ಪ್ರೆಸ್ ಮೀಟಲ್ಲಿ ಒಬ್ಬ ರಿಪೋರ್ಟರ್ ಕೇಳಿದ, ನೀವು ಬದ್ಧವೈರಿ ಟೆಕ್ಸಸ್ ಯೂನಿವರ್ಸಿಟಿಗೆ ಹೋಗ್ತೀರಂತೆ ಹೌದಾ ಅಂತ. ಇವರಿಗೆ ಕೆಂಡದಂಥ ಕೋಪ ಬಂತು, ಈ ಪ್ರಶ್ನೆ ಕೇಳೋದೇ ಅನ್ಯಾಯ, ನಾನು ಇಲ್ಲಿಗೆ ಬಂದಿದ್ದೇ ಇನ್ನೊಂದು ಕೆಲ್ಸ ಹುಡುಕ್ಬಾರ್ದು ಅಂತ ಅಂದ್ರು. ಮಾರನೇ ದಿನ ಟೆಕ್ಸಸ್‌ಗೆ ಹೋದ್ರು. ಇಪ್ಪತ್ನಾಲ್ಕು ಗಂಟೆ. ಆಮೇಲೆ ಆ ರಿಪೋರ್ಟರ್‌ಗೆ ಕ್ಷಮೆ ಕೇಳಿದ್ರು ಅನ್ನಿ. ಅವರ ಜೊತೆ ಅಸಿಸ್ಟೆಂಟ್‌ಗಳೂ ಹೊರಟ್ರು, ಅದರಲ್ಲಿ ಹಿಟ್ಟಿಂಗ್ ಕೋಚ್ ಮೈಕಲ್ ಅರ್ಲಿ ಅನ್ನೋನು ಅಲ್ಲಿಗೆ ಹೋಗಿ ಇನ್ನೂ ಕೂತಿರ್ಲಿಲ್ಲ, ಎ ಅಂಡ್ ಎಂನವರು ನೀನೇ ಹೆಡ್ ಕೋಚ್ ಆಗು ಬಾ ಅಂತ ವಾಪಸ್ ಕರ್ಕೊಂಡ್ರು. ಒಂದೇ ವಾರದಲ್ಲಿ ಅಸಿಸ್ಟೆಂಟು, ವೈರಿ ಪಾಳೆಯ, ಹೆಡ್ ಕೋಚು. ಇದು ಈ ಲೈನ್‌ನ ಎತ್ತಂಗಡಿ ಸ್ಪೀಡು. ಮನೆ ಲೀಸು, ಮಕ್ಕಳ ಸ್ಕೂಲು, ಹೆಂಡ್ತಿ ಕೆಲ್ಸ, ಇದೆಲ್ಲ ಆ ಇಪ್ಪತ್ನಾಲ್ಕು ಗಂಟೆ ಒಳಗೇ ತೀರ್ಮಾನ ಆಗ್ಬೇಕು.

ಮೇಜರ್ ಲೀಗೇ ಕೊನೇ ಗುರಿ ಅಂತಾನೂ ತಿಳ್ಕೋಬೇಡಿ. ವೆಸ್ ಜಾನ್ಸನ್ ಅಂತ ಪಿಚಿಂಗ್ ಕೋಚು, ಅರ್ಕನ್ಸಾದಲ್ಲಿ ಹೈಸ್ಕೂಲ್ ಮೇಷ್ಟ್ರಾಗಿ ಶುರು ಮಾಡಿದೋನು, ಕಾಲೇಜಿಂದ ಸೀದಾ ಮಿನ್ನೆಸೋಟಾ ಟ್ವಿನ್ಸ್‌ಗೆ ಹೋದ. 2022ರ ಜೂನ್‌ನಲ್ಲಿ ಟ್ವಿನ್ಸ್ ತನ್ನ ಗುಂಪಲ್ಲಿ ಮೊದಲ ಸ್ಥಾನದಲ್ಲಿದ್ದಾಗ, ಸೀಸನ್ ಅರ್ಧದಲ್ಲೇ, ಮೇಜರ್ ಲೀಗ್ ಬಿಟ್ಟು ಎಲ್‌ಎಸ್‌ಯುಗೆ ಅಸಿಸ್ಟೆಂಟ್ ಆಗಿ ವಾಪಸ್ ಬಂದ. ಮುಂದಿನ ವರ್ಷ ಪಾಲ್ ಸ್ಕೀನ್ಸ್ ಅನ್ನೋ ಪಿಚರ್‌ನ ಇಟ್ಕೊಂಡು ಟೈಟಲ್ಲು, ಅದಾದ ಕೂಡ್ಲೇ ಜಾರ್ಜಿಯಾ ಯೂನಿವರ್ಸಿಟಿಗೆ ಹೆಡ್ ಕೋಚು. ಹತ್ತಿಪ್ಪತ್ತು ವರ್ಷದ ಹಿಂದೆ ಹೀಗೆ ಮಾಡಿದ್ರೆ ತಲೆ ಕೆಟ್ಟಿದೆ ಅಂತಿದ್ರು.

ಗೆದ್ರೆ ಸಾಕಾ, ಕೆಲ್ಸ ಉಳಿಯತ್ತಾ? ಮೈಕ್ ಮಾರ್ಟಿನ್ ಕಥೆ ಹೇಳ್ತೀನಿ, ನನಗೆ ತುಂಬಾ ಇಷ್ಟದ ಮನುಷ್ಯ, 2024ರಲ್ಲಿ ತೀರ್ಕೊಂಡ್ರು. ಫ್ಲೋರಿಡಾ ಸ್ಟೇಟ್‌ಗೇ ಆಡಿ, ಅಲ್ಲೇ ಅಸಿಸ್ಟೆಂಟ್ ಆಗಿದ್ರು. ಹೆಡ್ ಕೋಚ್ ಡಿಕ್ ಹೌಸರ್ ಒಂದೇ ವರ್ಷಕ್ಕೆ ನ್ಯೂಯಾರ್ಕ್ ಯಾಂಕೀಸ್ ಮ್ಯಾನೇಜರ್ ಆಗಿ ಹೊರಟುಹೋದಾಗ ಇವರಿಗೆ ಸೀಟ್ ಸಿಕ್ತು. 1980ರಿಂದ 2019, ನಲವತ್ತು ಸೀಸನ್, 2,029 ಗೆಲುವು, ನಲವತ್ತರಲ್ಲಿ ಒಂದು ವರ್ಷಾನೂ 40 ಮ್ಯಾಚಿಗಿಂತ ಕಡ್ಮೆ ಗೆದ್ದಿಲ್ಲ. ಒಮಾಹಾದ ಕಾಲೇಜ್ ವರ್ಲ್ಡ್ ಸೀರೀಸಿಗೆ, ಅಂದ್ರೆ ಕೊನೇ ಎಂಟು ಟೀಮಿನ ಘಟ್ಟಕ್ಕೆ, 17 ಸಲ ಹೋದ್ರು. ಟೈಟಲ್ ಒಂದೂ ಇಲ್ಲ. ಹದಿನೇಳು ಸಲ ಹೋಗಿ ಬರಿಗೈಲಿ ಬಸ್ ಹತ್ತಿದ್ರು. ಆಮೇಲೆ ಅವರ ಮಗ, ಇಪ್ಪತ್ತು ವರ್ಷಕ್ಕೂ ಮೇಲೆ ಅಪ್ಪನ ಕೆಳಗೇ ಅಸಿಸ್ಟೆಂಟ್ ಆಗಿದ್ದೋನು, 2020ರಲ್ಲಿ ಹೆಡ್ ಕೋಚ್ ಆದ. ಮೂರೇ ಸೀಸನ್, ಅದರಲ್ಲಿ ಒಂದು ಕೋವಿಡ್‌ನಿಂದ ಅರ್ಧಕ್ಕೇ ನಿಂತಿದ್ದು. 2022ರಲ್ಲಿ ತೆಗೆದ್ಹಾಕಿದ್ರು. ಆ ಗ್ರೌಂಡಿಗೇ ಅಪ್ಪನ ಹೆಸ್ರಿದೆ. ಬದಲಿಗೆ ತಂದಿದ್ದು ಲಿಂಕ್ ಜ್ಯಾರೆಟ್ ಅನ್ನೋರನ್ನ, ಅವ್ರೂ ಅದೇ ಮಾರ್ಟಿನ್ ಶಿಷ್ಯನೇ. ಕೊಂಬೆ ಅಂದೆನಲ್ಲ.

ಅರ್ಕನ್ಸಾದ ಡೇವ್ ವ್ಯಾನ್ ಹಾರ್ನ್‌ನೂ ನೋಡಿ. ಜೂಕೋದಲ್ಲಿ ಶುರು, ಆಮೇಲೆ ಡಿವಿಷನ್ ಟೂ, ಅಲ್ಲಿ 1994ರಲ್ಲಿ ಟೈಟಲ್, ಆಮೇಲೆ ಲೂಯಿಸಿಯಾನದ ಒಂದು ಸಣ್ಣ ಯೂನಿವರ್ಸಿಟಿ, ನೆಬ್ರಾಸ್ಕಾ, 2003ರಿಂದ ಅರ್ಕನ್ಸಾ. ಪ್ರತಿ ಮೆಟ್ಲೂ ಹತ್ತಿ ಬಂದೋರು ಅಂದ್ರೆ ಇವ್ರೇ, ನಿಮ್ ಮಗ ಒಂದು ಮಾದರಿ ಇಟ್ಕೋಬೇಕು ಅಂದ್ರೆ ವಿಟೆಲ್ಲೋನ ಬಿಟ್ಟು ಇವರನ್ನ ಇಟ್ಕೊಳ್ಲಿ. 2018ರಲ್ಲಿ ಮೂರು ಮ್ಯಾಚಿನ ಫೈನಲ್‌ನ ಎರಡನೇದ್ರಲ್ಲಿ ಇವರ ಟೀಮು ಟೈಟಲ್‌ಗೆ ಒಂದೇ ಔಟ್ ದೂರ ಇತ್ತು, ಆರಗನ್ ಸ್ಟೇಟ್ ಬ್ಯಾಟರ್ ಫೌಲ್ ಬಾಲ್ ಮೇಲಕ್ಕೆತ್ತಿದ, ಮೂರು ಜನ ಫೀಲ್ಡರ್ ಓಡಿ ಬಂದ್ರು, ನೀ ಹಿಡೀತೀಯ ನಾ ಹಿಡೀಲಾ ಅನ್ನೋ ಅಷ್ಟರಲ್ಲಿ ಮೂರೂ ಜನರ ಮಧ್ಯೆ ಬಾಲ್ ಟಪ್ ಅಂತ ನೆಲಕ್ಕೆ ಬಿತ್ತು. ಬದುಕಿದ ಬ್ಯಾಟರ್ ಸ್ಕೋರ್ ಸಮ ಮಾಡಿದ, ಹಿಂದೇನೇ ಒಂದು ಹೋಮ್ ರನ್, ಮಾರನೇ ದಿನದ ಮ್ಯಾಚೂ ಹೋಯ್ತು. ಅಂಥಾ ರಾತ್ರಿ ಹೋಟೆಲ್‌ನಲ್ಲಿ ಆ ಮೂರು ಹುಡುಗರ ಹತ್ರ ಏನ್ ಮಾತಾಡ್ಬೇಕು ಅನ್ನೋದೂ ಕೋಚ್ ಕೆಲ್ಸಾನೇ, ಅದಕ್ಕೆ ಯಾವ ಮಾಸ್ಟರ್ಸ್ ಡಿಗ್ರೀಲೂ ಪೇಪರ್ ಇಲ್ಲ.

ದೊಡ್ಡ ಹೆಸರುಗಳನ್ನೇ ಹೇಳ್ತಾ ಹೋದೆ. ಸಣ್ಣ ಕಾಲೇಜಲ್ಲೇ ನೆಮ್ಮದಿಯಾಗಿ ಇಡೀ ಬದುಕು ಮಾಡಿದೋರೂ ಇದಾರೆ. ಐಡಹೋದ ಲ್ಯೂಯಿಸ್ಟನ್ ಅನ್ನೋ ಪುಟ್ಟ ಊರಲ್ಲಿ ಎಡ್ ಚೆಫ್ ಅಂತ, ಲ್ಯೂಯಿಸ್ ಕ್ಲಾರ್ಕ್ ಸ್ಟೇಟ್ ಕಾಲೇಜಿಗೆ 34 ಸೀಸನ್, ಎನ್‌ಎಐಎನಲ್ಲಿ 16 ನ್ಯಾಷನಲ್ ಟೈಟಲ್. ಟಿವಿಲಿ ಬರಲ್ಲ, ಆದ್ರೆ ಆ ಊರಲ್ಲಿ ಅವರೇ ರಾಜ. ನನಗೆ ಮತ್ತೊಂದು ಜನ್ಮ ಅಂತಿದ್ರೆ ಹಾಗೆ ಒಂದು ಊರು ಹಿಡ್ಕೊಂಡು ಕೂತ್ಬಿಡ್ತಿದ್ದೆ, ನಾಲ್ಕು ಕಾಲೇಜು ಸುತ್ತಿದ್ದೇ ನಾನು ಮಾಡಿದ ತಪ್ಪು.

ಈಗ ಪ್ರಾಕ್ಟಿಕಲ್ ಆಗಿ. ಪ್ರತಿ ವರ್ಷ ಜನವರಿಲಿ ಅಮೇರಿಕನ್ ಬೇಸ್‌ಬಾಲ್ ಕೋಚಸ್ ಅಸೋಸಿಯೇಷನ್‌ನ ಸಮ್ಮೇಳನ ಆಗತ್ತೆ, ಸಾವಿರಾರು ಕೋಚ್ ಒಂದೇ ಕಡೆ. ಒಳಗೆ ಭಾಷಣ ನಡೀತಿರತ್ತೆ, ಕೆಲ್ಸ ಸಿಗೋದು ಹೋಟೆಲ್ ಲಾಬೀಲಿ. ಅಲ್ಲಿಗೆ ಅವನು ತನ್ನ ಈಗಿನ ಕೋಚ್ ಜೊತೆ ಹೋಗ್ಲಿ, ಒಬ್ಬನೇ ರೆಸ್ಯೂಮೆ ಹಿಡ್ಕೊಂಡು ಹೋದ್ರೆ ಕಾಫಿ ಕುಡ್ದು ಬರ್ತಾನೆ ಅಷ್ಟೇ. ಬೇಸಿಗೆಗೆ ಯಾವ್ದಾದ್ರೂ ಸಮ್ಮರ್ ಲೀಗ್‌ನಲ್ಲಿ ಅಸಿಸ್ಟೆಂಟ್ ಆಗಿ ಎರಡು ತಿಂಗಳು ಕಳೀಲಿ, ಬೇರೆ ಬೇರೆ ಕಾಲೇಜಿನ ಹುಡುಗರು, ಕೋಚ್‌ಗಳು ಪರಿಚಯ ಆಗ್ತಾರೆ, ಊಟ ವಸತಿ ಬಿಟ್ರೆ ಹೆಚ್ಚೇನೂ ಸಿಗಲ್ಲ. ಕ್ಯಾಚರ್ ಆಗಿರೋದು ಪ್ಲಸ್ಸು, ಪಿಚರ್‌ಗಳ ತಲೆ ಅವನಿಗೆ ಗೊತ್ತಿರತ್ತೆ. ಟ್ರ್ಯಾಕ್‌ಮ್ಯಾನ್, ರ‍್ಯಾಪ್ಸೋಡೋ ಅಂತ ಬಾಲ್ ಎಷ್ಟು ಸುತ್ತತ್ತೆ ಎಷ್ಟು ತಿರುಗತ್ತೆ ಅಳೆಯೋ ಮೆಷಿನ್‌ಗಳಿವೆ, ಅದರ ಡೇಟಾ ಓದೋಕೆ, ಅದನ್ನ 19 ವರ್ಷದ ಪಿಚರ್‌ಗೆ ಎರಡು ವಾಕ್ಯದಲ್ಲಿ ಹೇಳೋಕೆ ಕಲೀಲಿ. ಹಳೇ ಕೋಚ್‌ಗಳಿಗೆ ಎಕ್ಸೆಲ್ ಅಂದ್ರೆ ಜ್ವರ, ಫೈನಾನ್ಸ್ ಓದಿದ ಕ್ಯಾಚರ್ ಅಂದ್ರೆ ಇವತ್ತು ಆ ಬಾಗಿಲಿಂದಲೇ ಒಳಗೆ ಹೋಗ್ಬೋದು.

ಇವತ್ತು ರಾತ್ರಿ ಊಟಕ್ಕೆ ಕೂತಾಗ ಒಂದೇ ಕೇಳಿ, ಯಾರ ಹಿಂದೆ ಹೋಗ್ತೀಯ ಅಂತ. ತಟ್ಟಂತ ಒಬ್ಬ ಕೋಚ್ ಹೆಸ್ರು ಹೇಳಿ, ಅವ್ರು ನನ್ನ ಫೋನ್ ಎತ್ತಾರೆ ಅಂದ್ರೆ ಐದು ವರ್ಷ ಬಿಟ್ಕೊಡಿ. ಬೇಸ್‌ಬಾಲ್ ಅಂದ್ರೆ ನನಗೆ ಪ್ರಾಣ ಅಂತ ಮಾತ್ರ ಹೇಳಿದ್ರೆ ಬ್ಯಾಂಕ್ ಕೆಲ್ಸಕ್ಕೆ ಕಳ್ಸಿ, ಶನಿವಾರ ಲಿಟಲ್ ಲೀಗ್ ಮಕ್ಕಳಿಗೆ ಹೇಳ್ಕೊಡ್ಲಿ. ಮತ್ತೆ ಯಾವ್ದೇ ಆದ್ರೂ, 26 ತುಂಬೋ ತನಕ ಅವನ ಹೆಸ್ರನ್ನ ನಿಮ್ಮ ಹೆಲ್ತ್ ಇನ್ಶೂರೆನ್ಸಿಂದ ತೆಗೀಬೇಡಿ, ಕಾನೂನಲ್ಲಿ ಅವಕಾಶ ಇದೆ, ಜಿಎ ಸಂಬಳದಲ್ಲಿ ಹಲ್ಲು ನೋವಿಗೂ ದುಡ್ಡಿರಲ್ಲ. ಡೆಂಟಲ್ ಪ್ಲಾನ್ ಬೇರೆ ಇರತ್ತೆ ನೋಡಿ, ಅದನ್ನೂ ಒಂದ್ ಸಲ ಚೆಕ್ ಮಾಡ್ಕೊಳ್ಳಿ.